ಕೈಯಿಂದ ತಿರುಗಿಸುವ ಡ್ರೈನ್ ಸ್ಪ್ರಿಂಗ್: ಹಲವು ವರ್ಷ ಬಳಸಿದ ಮೇಲೆ

ಒಂದು ದುಂಡನೆಯ ಡಬ್ಬಿ, ಅದರೊಳಗೆ ಸುತ್ತಿಕೊಂಡ 6 ಮಿಲಿಮೀಟರ್ ದಪ್ಪದ, ಸುಮಾರು 7 ಮೀಟರ್ ಉದ್ದದ ಸ್ಪ್ರಿಂಗ್ ತಂತಿ, ತಿರುಗಿಸಲು ಹಿಡಿಕೆ. ಉಪಕರಣ ಇಷ್ಟೇ. ಅಡುಗೆಮನೆಯ ಸಿಂಕ್, ವಾಶ್ ಬೇಸಿನ್, ಬಚ್ಚಲು, ಯಾವುದು ಕಟ್ಟಿಕೊಂಡರೂ ನಾನು ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ. ಪೈಪು ಬಿಡಿಸುವ ರಾಸಾಯನಿಕ ಪುಡಿ ಸುರಿದು ಕಾಯುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಏಕೆಂದರೆ ಕೊಳೆ ಮುಂದಕ್ಕೆ ಹೋಗುವುದಿಲ್ಲ, ಹೊರಗೆ ಬರುತ್ತದೆ.

ಬಚ್ಚಲ ಪೈಪಿನಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಕಸರಾಗುತ್ತದೆ. ಅದು ಕೂದಲಿಗೆ ಮೆತ್ತಿಕೊಂಡು ಪೈಪಿನ ತಿರುವಿನಲ್ಲಿ ಬಿಗಿಯುತ್ತದೆ. ತಂತಿಯನ್ನು ನಿಧಾನವಾಗಿ ಹಿಂದಕ್ಕೆಳೆದಾಗ ತುದಿಯ ಕೊಕ್ಕೆಗೆ ಸುತ್ತಿಕೊಂಡು ಬೂದು ಬಣ್ಣದ, ಲೋಳೆ ಮೆತ್ತಿದ ಹಗ್ಗದಂಥದ್ದು ಹೊರಬರುತ್ತದೆ. ವಾಸನೆ ಅಸಹ್ಯ. ಆದರೆ ಅದು ಬಂದ ಮರುಕ್ಷಣವೇ ನಿಂತ ನೀರು ಸುಳಿಯಾಗಿ ಇಳಿದುಹೋಗುತ್ತದೆ.

ಇದನ್ನು ಬಳಸುವುದೆಂದರೆ ಬೆರಳಿನಿಂದ ನೋಡುವುದು. ತಿರುವಿಗೆ ತಾಗಿದಾಗ ತಂತಿ ಗಟ್ಟಿಯಾಗಿ ನಿಲ್ಲುತ್ತದೆ, ಹಿಡಿಕೆ ತಿರುಗಿಸುತ್ತಾ ಒತ್ತಿದರೆ ತಟ್ಟನೆ ಜಾರಿ ಮುಂದೆ ಹೋಗುತ್ತದೆ. ಕೊಳೆಗೆ ತಾಗಿದಾಗ ಹಾಗಲ್ಲ: ಮೆತ್ತಗೆ ಒಳಗಿಳಿದು ಮತ್ತೆ ಹಿಂದಕ್ಕೆ ದೂಡುತ್ತದೆ. ಈ ವ್ಯತ್ಯಾಸ ಕೈಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಡಬ್ಬಿಗೂ ಪೈಪಿನ ಬಾಯಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ತಂತಿ ಬಿಡಬಾರದು, ಬಿಟ್ಟರೆ ಅದು ಹೊರಗೇ ಗಂಟು ಹಾಕಿಕೊಳ್ಳುತ್ತದೆ. ಸುರುಳಿ ಬಿಗಿಯುವ ದಿಕ್ಕಿನಲ್ಲಿಯೇ ತಿರುಗಿಸಬೇಕು, ಉಲ್ಟಾ ತಿರುಗಿಸಿದರೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ.

ದೂರುಗಳೂ ಇವೆ. ತಂತಿಯನ್ನು ಬಿಗಿಹಿಡಿಯುವ ಪ್ಲಾಸ್ಟಿಕ್ ತಿರುಪು ಸವೆದು ಈಗ ಜಾರುತ್ತದೆ, ಅದನ್ನು ಲೋಹದಲ್ಲಿ ಮಾಡಬೇಕಿತ್ತು. ತುದಿಯ ಕಡೆ ತುಕ್ಕು ಹಿಡಿದಿದೆ. ಬಳಸಿದ ಮೇಲೆ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆಯಿಂದ ಒರೆಸದಿದ್ದರೆ ಇನ್ನೂ ಬೇಗ ಹಾಳಾಗುತ್ತದೆ. ಶೌಚಾಲಯದ ಕಮೋಡಿಗೆ ಇದನ್ನು ಹಾಕಬೇಡಿ, ಪಿಂಗಾಣಿಯ ಮೇಲೆ ಗೀರು ಬೀಳುತ್ತದೆ. ಅದಕ್ಕೆಂದೇ ರಬ್ಬರ್ ಕವಚವಿರುವ ಬೇರೆ ಸ್ಪ್ರಿಂಗ್ ಸಿಗುತ್ತದೆ, ಇಲ್ಲವಾದರೆ ಪ್ಲಂಜರ್ ಸಾಕು.

ಪುಡಿಯಾಗಿ ಸುರಿಯುವ ಕಾಸ್ಟಿಕ್ ಸೋಡಾ ಕೊಬ್ಬನ್ನು ಸೋಪಾಗಿ ಒಡೆಯುತ್ತದೆ, ನಿಜ. ಆದರೆ ನೀರು ತಾಗಿದೊಡನೆ ಕುದಿಯುವಷ್ಟು ಬಿಸಿಯಾಗಿ ಚಿಮ್ಮಬಹುದು. ಅದು ಕೆಲಸ ಮಾಡದೆ ಪೈಪಿನಲ್ಲೇ ನಿಂತರೆ, ಆಮೇಲೆ ಸ್ಪ್ರಿಂಗ್ ಹಾಕುವವರ ಕಣ್ಣಿಗೆ ಅಪಾಯ. ಆದ್ದರಿಂದ ಪುಡಿ ಸುರಿದಿದ್ದರೆ ಕೆಲಸಕ್ಕೆ ಬಂದವರಿಗೆ ಮೊದಲೇ ಹೇಳಿ. ಬ್ಲೀಚ್ ಮತ್ತು ಆಸಿಡ್ ಅನ್ನು ಎಂದೂ ಒಂದೇ ಪೈಪಿಗೆ ಬಿಡಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಸಿಂಕಿನ ಜಿಡ್ಡಿಗೆ ಬಿಸಿನೀರು ಪರಿಹಾರವಲ್ಲ. ಕರಗಿದ ಕೊಬ್ಬು ಮುಂದೆ ತಣ್ಣಗಾಗಿ, ಸ್ಪ್ರಿಂಗ್ ಮುಟ್ಟದ ಜಾಗದಲ್ಲಿ ಹೆಪ್ಪುಗಟ್ಟುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಒಳಚರಂಡಿಯಲ್ಲಿ ಕೊಬ್ಬು ಮತ್ತು ವೆಟ್ ವೈಪ್‌ಗಳು ಸೇರಿ ಸುಮಾರು 250 ಮೀಟರ್ ಉದ್ದದ, 130 ಟನ್ನಿನ ಗಡ್ಡೆಯೇ ಆಗಿತ್ತು. ಪಾತ್ರೆಯ ಎಣ್ಣೆಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕುವುದು, ಬಚ್ಚಲ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇಡುವುದು, ಈ ಎರಡನ್ನು ಮಾಡತೊಡಗಿದ ಮೇಲೆ ನಮ್ಮಲ್ಲಿ ಸ್ಪ್ರಿಂಗ್‌ಗೆ ಕೆಲಸ ಬಹಳ ಕಡಿಮೆಯಾಗಿದೆ.

ಕಮೋಡಿಗೆ ನೀರು ಬಿಟ್ಟಾಗ ಬಚ್ಚಲಲ್ಲಿ ನೀರು ಉಕ್ಕಿದರೆ, ಎಲ್ಲ ಕಡೆಯೂ ಒಟ್ಟಿಗೆ ನಿಧಾನವಾದರೆ, ಕಟ್ಟಿರುವುದು ಮುಖ್ಯ ಪೈಪು. ಮರದ ಬೇರು ನುಗ್ಗಿರಲೂಬಹುದು. ಅಲ್ಲಿ ಈ ಸ್ಪ್ರಿಂಗ್ ನಿರುಪಯೋಗಿ, ಯಂತ್ರ ಅಥವಾ ಒತ್ತಡದ ನೀರಿನ ಜೆಟ್ಟೇ ಬೇಕು. ಆದರೆ ಯಾರನ್ನೂ ಮ್ಯಾನ್‌ಹೋಲ್‌ಗೆ ಇಳಿಸಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ, ಮನುಷ್ಯ ಕೂಗಿಕೊಳ್ಳುವ ಮೊದಲೇ ಕುಸಿಯುತ್ತಾನೆ.