ಹಿರಿಯ ಗಾಯಕರ ಹೆಸರಿನ ಸಂಗೀತ ಸಂಜೆಗೆ ಟಿಕೆಟ್ ಕೊಳ್ಳುವ ಮುನ್ನ

ಹಳೆಯ ಚಿತ್ರಗೀತೆಗಳ ಕಾರ್ಯಕ್ರಮಕ್ಕೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವ ಯೋಚನೆಯಲ್ಲಿದ್ದೀರಾ? ಎಂಬತ್ತು ದಾಟಿದ ಗಾಯಕರೊಬ್ಬರ ಭಾವಚಿತ್ರವನ್ನು ಪೋಸ್ಟರಿನ ತುಂಬ ಹಾಕಿದ್ದಾರಾ? ಹಾಗಾದರೆ ದುಡ್ಡು ಕೊಡುವ ಮೊದಲು ಆಯೋಜಕರಿಗೆ ಫೋನ್ ಮಾಡಿ ಒಂದು ಮಾತು ಕೇಳಿ: ಅವರು ಹಾಡುವಾಗ ವಾದ್ಯ ನುಡಿಸುವವರು ಇರುತ್ತಾರೆಯೇ, ಇಲ್ಲವೇ ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತದ ಟ್ರ್ಯಾಕ್ ಹಾಕುತ್ತೀರಾ? ಉತ್ತರ ಕೊಡಲು ತಡವರಿಸಿದರೆ ಆ ಟಿಕೆಟ್ ಬೇಡ.

ಅಮ್ಮ ಮತ್ತು ದೊಡ್ಡಮ್ಮನನ್ನು ತುಮಕೂರಿನಿಂದ ಬೆಂಗಳೂರಿನ ಒಂದು ಸಭಾಂಗಣಕ್ಕೆ ಅಂಥದ್ದೇ ಕಾರ್ಯಕ್ರಮಕ್ಕೆ ಕರೆದೊಯ್ದಿದ್ದೆ. ತಲಾ ಎರಡು ಸಾವಿರ ರೂಪಾಯಿಯ ಟಿಕೆಟ್. ಆ ಗಾಯಕಿಯ ಹಾಡು ಆಕಾಶವಾಣಿಯಲ್ಲಿ ಬಂದರೆ ಇಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಿದ್ದವರು. ಗಾಯಕಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂದು ನಡೆದದ್ದರಲ್ಲಿ ಅವರ ತಪ್ಪು ಕಿಂಚಿತ್ತೂ ಇರಲಿಲ್ಲ.

ಆರು ಗಂಟೆಗೆ ಎಂದು ಅಚ್ಚಾಗಿದ್ದ ಕಾರ್ಯಕ್ರಮದಲ್ಲಿ ದೀಪ ಬೆಳಗಿದ್ದೇ ಏಳರ ನಂತರ. ಸ್ವಾಗತ, ಪ್ರಾಸ್ತಾವಿಕ ಭಾಷಣ, ಪ್ರಾಯೋಜಕರಿಗೆಲ್ಲ ಸನ್ಮಾನ. ಬಳಿಕ ಕಿರಿಯ ಗಾಯಕರ ಸರದಿ. ಚೆನ್ನಾಗಿಯೇ ಹಾಡಿದರು, ಆದರೆ ಜನ ಬಂದಿದ್ದು ಅವರಿಗಾಗಿ ಅಲ್ಲ. ನಾವು ದುಡ್ಡು ಕೊಟ್ಟಿದ್ದ ಮುಂದಿನ ಸಾಲಿನಲ್ಲಿ ಪಾಸ್ ಹಿಡಿದು ಬಂದ ಗಣ್ಯರು ಕುಳಿತಿದ್ದರು. ನಮ್ಮನ್ನು ಬಾಲ್ಕನಿಗೆ ಕಳುಹಿಸಿದರು. ಲಿಫ್ಟ್ ಇಲ್ಲ. ಮಂಡಿ ನೋವಿನ ದೊಡ್ಡಮ್ಮ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು.

ಗಾಯಕಿಯನ್ನು ಇಬ್ಬರು ತೋಳು ಹಿಡಿದು ವೇದಿಕೆಗೆ ಕರೆತಂದಾಗ ಒಂಬತ್ತು ಗಂಟೆ ಸಮೀಪಿಸಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲವೂ ಆಯಿತು. ಪ್ರಾಯೋಜಕರು ಕುಟುಂಬ ಸಮೇತರಾಗಿ ಬಂದು ಅವರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಅಷ್ಟು ಹೊತ್ತೂ ಆ ವಯಸ್ಸಿನವರನ್ನು ನಿಲ್ಲಿಸಿಯೇ ಇದ್ದರು. ಕೊನೆಗೆ ಮೈಕ್ ಕೊಟ್ಟರು.

ಅದುವರೆಗೆ ನುಡಿಸುತ್ತಿದ್ದ ಕೀಬೋರ್ಡ್, ತಬಲಾ, ರಿದಂ ಪ್ಯಾಡಿನವರು ಆಗ ಕೈಕಟ್ಟಿ ಕುಳಿತರು. ಮೂಲೆಯಲ್ಲಿದ್ದ ಹುಡುಗ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ವೇದಿಕೆಯಲ್ಲಿ ಕೊಳಲಿನವರೇ ಇಲ್ಲ, ಕೊಳಲು ಕೇಳಿಸುತ್ತಿತ್ತು. ಪಲ್ಲವಿಯನ್ನು ಗಾಯಕಿ ತಮ್ಮದೇ ಧ್ವನಿಯಲ್ಲಿ ಹಾಡಿದರು. ಧ್ವನಿ ನಡುಗುತ್ತಿತ್ತು, ಆದರೂ ಆ ಹಳೆಯ ಕುಸುರಿ ಅಲ್ಲಲ್ಲಿ ಮಿಂಚುತ್ತಿತ್ತು. ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಚರಣದ ಮೊದಲು ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಟ್ರ್ಯಾಕ್ ಮುಂದೆ ಹೋಗಿಬಿಟ್ಟಿತು. ಅವರು ಕೀಬೋರ್ಡಿನವರ ಕಡೆ ತಿರುಗಿ ಅಂಗೈ ಕೆಳಗೆ ಮಾಡಿ, ನಿಧಾನ, ನಿಧಾನ ಎಂದು ಸನ್ನೆ ಮಾಡಿದರು. ನಿಧಾನ ಮಾಡಲು ಆತನ ಕೈಯಲ್ಲಿ ಏನಿತ್ತು? ಹಿಂದೆ ನಿಂತಿದ್ದ ತರುಣಿ ಆ ಸಾಲನ್ನು ಎತ್ತಿಕೊಂಡು ಹಾಡಿ ಮುಗಿಸಿದಳು. ಗಾಯಕಿ ಮೈಕನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು.

ಎರಡನೆಯ ಹಾಡಿಗೆ ಮೂಲ ಧ್ವನಿಮುದ್ರಿಕೆಯನ್ನೇ ಹಾಕಿದರು. ಅವರ ಯೌವನದ ಧ್ವನಿಗೆ ಈಗಿನ ಅವರು ತುಟಿ ಆಡಿಸಬೇಕಾಯಿತು. ಅಲ್ಲಿಗೆ ಅವರ ಪಾಲು ಮುಗಿಯಿತು. ದೊಡ್ಡಮ್ಮ ನನ್ನ ಕೈ ಹಿಡಿದು, "ಇದು ರೇಡಿಯೋದಲ್ಲಿ ಬರುವುದೇ ಅಲ್ಲವೇನೋ? ಪಾಪ, ಅವರನ್ನು ಯಾಕೆ ಹೀಗೆ ನಿಲ್ಲಿಸಿದರು?" ಎಂದರು. ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ವಯಸ್ಸಾದ ಮೇಲೆ ಉಸಿರು ಗಿಡ್ಡವಾಗುತ್ತದೆ, ತಾರಸ್ಥಾಯಿ ಕೈಗೆ ಎಟುಕುವುದಿಲ್ಲ. ಇದು ಸಂಗೀತ ಬಲ್ಲವರಿಗೆಲ್ಲ ಗೊತ್ತು. ಅದಕ್ಕೆ ಪರಿಹಾರವೂ ಗೊತ್ತು. ಎದುರಿಗೆ ವಾದ್ಯವೃಂದವಿದ್ದರೆ ಶ್ರುತಿಯನ್ನು ಒಂದೆರಡು ಮನೆ ಕೆಳಗಿಳಿಸುತ್ತಾರೆ, ಲಯ ತಗ್ಗಿಸುತ್ತಾರೆ. ಚರಣಕ್ಕೆ ಮುನ್ನ ಗಾಯಕರಿಗೆ ಉಸಿರು ಬೇಕೆಂದರೆ ಮಧ್ಯದ ವಾದ್ಯಸಂಗೀತವನ್ನು ಇನ್ನೊಂದು ಆವರ್ತ ನುಡಿಸುತ್ತಾರೆ. ಒಳ್ಳೆಯ ತಬಲಾ ವಾದಕ ಗಾಯಕರ ಮುಖ ನೋಡಿಕೊಂಡೇ ನುಡಿಸುತ್ತಾನೆ. ಲ್ಯಾಪ್‌ಟಾಪಿನಲ್ಲೂ ಶ್ರುತಿ ಇಳಿಸಬಹುದು, ಆದರೆ ಅದು ಯಾರಿಗಾಗಿಯೂ ಕಾಯುವುದಿಲ್ಲ. ವಾದಕರಿಗೂ ತಾಲೀಮಿಗೂ ಆಗುವ ಖರ್ಚನ್ನು ಉಳಿಸಲು ಹಿರಿಯರೊಬ್ಬರನ್ನು ಯಂತ್ರದ ಜೊತೆ ಓಟಕ್ಕೆ ಬಿಡುವುದು ಕ್ರೌರ್ಯ. ನಮಗಾದ ಮೋಸಕ್ಕಿಂತ ಅವರಿಗಾದ ಅವಮಾನ ದೊಡ್ಡದು.

ವಯಸ್ಸಾದವರು ಹಾಡಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕರ್ನಾಟಕ ಸಂಗೀತದ ಗಾಯಕ, ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ ಹುಟ್ಟಿದ್ದು 1920ರಲ್ಲಿ, ತೀರಿಕೊಂಡಿದ್ದು 2014ರಲ್ಲಿ. ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡುತ್ತಿದ್ದರು. ಅವರಿಗೆ ತಂಬೂರಿಯಿತ್ತು, ಜೊತೆಗೆ ನಡೆಯುವ ಪಕ್ಕವಾದ್ಯವಿತ್ತು, ಹಾಡುವುದನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು. ಎಸ್. ಜಾನಕಿ ಅವರು ಸಾಕು ಎಂದು ತಾವೇ ನಿರ್ಧರಿಸಿ, 2017ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಹಾಡಿ ವೇದಿಕೆಗೆ ವಿದಾಯ ಹೇಳಿದರು. ಹಾಡುವುದೂ ನಿಲ್ಲಿಸುವುದೂ ಕಲಾವಿದರ ಇಚ್ಛೆಯಂತೆ ನಡೆಯಬೇಕು.

ಆದ್ದರಿಂದ ಪೋಸ್ಟರನ್ನು ಗಮನವಿಟ್ಟು ಓದಿ. ಶಾಸ್ತ್ರೀಯ ಕಚೇರಿಯ ಆಹ್ವಾನ ಪತ್ರಿಕೆಯಲ್ಲಿ ಪಿಟೀಲು, ಮೃದಂಗ, ಘಟದವರ ಹೆಸರು ಇದ್ದೇ ಇರುತ್ತದೆ. ಚಿತ್ರಗೀತೆಯ ಕಾರ್ಯಕ್ರಮವೆಂದಮೇಲೆ ವಾದ್ಯವೃಂದದ ಹೆಸರಾದರೂ ಇರಬೇಕು. ಅದೂ ಇಲ್ಲದೆ ಬರೀ ಹಿರಿಯರ ಮುಖ, ಪ್ರಾಯೋಜಕರ ಲಾಂಛನಗಳ ಸಾಲು ಇದ್ದರೆ ಅನುಮಾನಪಡಿ. "ದಿವ್ಯ ಉಪಸ್ಥಿತಿ", "ಗೌರವ ಸಮರ್ಪಣೆ" ಎಂದಿದ್ದರೆ ಅವರು ಹಾಡುತ್ತಾರೆ ಎಂಬ ಭರವಸೆ ಅಲ್ಲಿಲ್ಲ. ಎಷ್ಟು ಹಾಡು, ಎಷ್ಟು ಗಂಟೆಗೆ ವೇದಿಕೆಗೆ ಬರುತ್ತಾರೆ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಇದೇ ಆಯೋಜಕರು ಹಿಂದೆ ನಡೆಸಿದ ಕಾರ್ಯಕ್ರಮದ ವಿಡಿಯೋಗಳು ಸಿಗುತ್ತವೆ. ಅವುಗಳಲ್ಲಿ ಗಾಯಕರನ್ನು ಬಿಟ್ಟು ಹಿಂದೆ ಕುಳಿತವರ ಕೈಗಳನ್ನು ನೋಡಿ. ಸೀಟಿನ ಸಂಖ್ಯೆ ಇಲ್ಲದ ಟಿಕೆಟನ್ನು ಹಿರಿಯರಿಗಾಗಿ ಕೊಳ್ಳಬೇಡಿ. ಲಿಫ್ಟ್, ಶೌಚಾಲಯ ಎಲ್ಲಿವೆ ಎಂದು ಸಭಾಂಗಣದವರನ್ನೇ ವಿಚಾರಿಸಿ.

ಹಣ ವಾಪಸ್ ಕೇಳಿದಾಗ ಆಯೋಜಕರು, "ಅಮ್ಮನವರು ಬಂದರಲ್ಲ ಸರ್, ಹಾಡಿದರಲ್ಲ, ಇನ್ನೇನು?" ಎಂದರು. ಟಿಕೆಟ್ ಮಾರಿದ ಜಾಲತಾಣದವರು ಆಯೋಜಕರತ್ತ ಕೈ ತೋರಿಸಿದರು. ಕಾರ್ಯಕ್ರಮ ಮುಗಿದ ಕೂಡಲೇ ಜಾಹೀರಾತನ್ನೂ ಅಳಿಸಿಹಾಕಿದ್ದರು. ಅಮ್ಮ ಅದನ್ನು ಅಕ್ಕತಂಗಿಯರಿಗೆಲ್ಲ ಕಳುಹಿಸಿದ್ದರಿಂದ ನಮ್ಮ ಬಳಿ ಅದರ ಚಿತ್ರ ಉಳಿದಿತ್ತು. ಅದನ್ನೂ ಟಿಕೆಟನ್ನೂ ಲಗತ್ತಿಸಿ ಈಗ ದೂರು ಕೊಟ್ಟಿದ್ದೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ದಾರಿ ತಪ್ಪಿಸುವ ಜಾಹೀರಾತೂ ಸೇವಾ ನ್ಯೂನತೆಯೂ ದೂರಿಗೆ ಅರ್ಹ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ, ಮೋಸ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ದೂರಿನಲ್ಲಿ ಆಯೋಜಕರ ಹೆಸರನ್ನಷ್ಟೇ ಬರೆಯಿರಿ, ಕಲಾವಿದರನ್ನು ಅದಕ್ಕೆ ಎಳೆಯಬೇಡಿ.