ಗ್ಯಾಸ್, ಇನ್‌ಸ್ಟಂಟ್, ಸ್ಟೋರೇಜ್: ಮೂರೂ ಗೀಸರ್ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು 15 ಲೀಟರಿನ ಕರೆಂಟ್ ಸ್ಟೋರೇಜ್ ಗೀಸರ್‌ಗೆ. ಗ್ಯಾಸ್ ಗೀಸರ್ ಕೆಟ್ಟದ್ದು ಅಂತಲ್ಲ. ನಾನು ಸ್ನಾನ ಮಾಡೋ ರೀತಿಗೂ ಅದಕ್ಕೂ ಹೊಂದಲಿಲ್ಲ, ಅಷ್ಟೆ.

ಗ್ಯಾಸಿನದ್ದರಲ್ಲಿ ಕಾಯೋ ಹಾಗಿಲ್ಲ, ನೀರು ಮುಗಿಯೋ ಭಯವೂ ಇಲ್ಲ. ನಿಮಿಷಕ್ಕೆ 6 ಲೀಟರ್ ನೀರನ್ನ 25 ಡಿಗ್ರಿ ಏರಿಸೋಕೆ 10 ಕಿಲೋವ್ಯಾಟಿಗಿಂತ ಹೆಚ್ಚು ಶಾಖ ಬೇಕು. 16 ಆಂಪಿಯರ್ ಸಾಕೆಟ್ಟಿನಿಂದ ಅಷ್ಟು ಎಳೆಯೋಕೆ ಸಾಧ್ಯವೇ ಇಲ್ಲ. ಒಬ್ಬರ ಹಿಂದೆ ಒಬ್ಬರು ಬಕೆಟ್ ತುಂಬಿಸಿಕೊಳ್ಳೋ ಮನೆಗೆ ಇದನ್ನ ಬಿಟ್ಟು ಬೇರೆ ನೋಡಬೇಡಿ.

ರಗಳೆ ಇರೋದು ಶವರ್ ಕೆಳಗೆ. ನೀರಿನ ಒತ್ತಡಕ್ಕೆ ಒಳಗಿನ ರಬ್ಬರ್ ಡಯಾಫ್ರಮ್ ಉಬ್ಬಿ ಸ್ವಿಚ್ ಒತ್ತುತ್ತೆ, ಟಕಟಕ ಅಂತ ಕಿಡಿ ಹಾರಿ ಬರ್ನರ್ ಹೊತ್ತಿಕೊಳ್ಳುತ್ತೆ. ಹರಿವು ತಗ್ಗಿದರೆ ಉರಿ ಆರುತ್ತೆ. ಸುರಕ್ಷತೆಗೆ ಅದು ಹಾಗೇ ಇರಬೇಕು, ಒಪ್ಪಿದೆ. ಆದರೆ ನಮ್ಮದು ಮೇಲಿನ ಮಹಡಿ. ಟ್ಯಾಂಕು 3 ಮೀಟರ್ ಎತ್ತರದಲ್ಲಿದ್ದರೆ ಸಿಗೋ ಒತ್ತಡ 0.3 ಬಾರ್, ಅಷ್ಟೇ. ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯೋಕೆ ನಿಂತರೆ ಇಲ್ಲಿ ಉರಿ ಮಾಯ. ನೀರು ಸುಡುತ್ತೆ ಅಂತ ತಣ್ಣೀರು ಬೆರೆಸಿದರೆ ಬಿಸಿನೀರಿನ ಪೈಪಲ್ಲಿ ಹರಿವು ಇಳಿದು ಮತ್ತೆ ಆರುತ್ತೆ.

ಸೋಪು ಹಚ್ಚೋಕೆ ನಲ್ಲಿ ನಿಲ್ಲಿಸಿದಿರೋ, ಇನ್ನೊಂದು ಆಟ ಶುರು. ತಿರುಗಿಸಿದ ತಕ್ಷಣ ತಾಮ್ರದ ಸುರುಳಿಯಲ್ಲಿ ಉಳಿದಿದ್ದ ಸುಡುನೀರು ಬೆನ್ನ ಮೇಲೆ ಬೀಳುತ್ತೆ. ಅದರ ಹಿಂದೆಯೇ, ಬರ್ನರ್ ಹೊತ್ತೋ ಮೊದಲೇ ದಾಟಿಬಂದ ತಣ್ಣೀರು. ಹದ ಬರೋದು ಆಮೇಲೆ. ಅಷ್ಟು ಹೊತ್ತು ಕಣ್ಣಲ್ಲಿ ಶಾಂಪೂ ಇಟ್ಟುಕೊಂಡು ಗೋಡೆಗೆ ಒರಗಿ ನಿಂತಿರಬೇಕು! ರಿಪೇರಿಯವರು ಬಂದು ನೀರು ಒಳಬರೋ ಕಡೆಯ ಜಾಲರಿ ತೊಳೆದುಕೊಟ್ಟರು, ಕೊಂಚ ಸುಧಾರಿಸಿತು. ಪೂರ್ತಿ ಸರಿಹೋಗಬೇಕಾದರೆ ಪ್ರೆಷರ್ ಪಂಪ್ ಹಾಕಿಸಿ ಅಂದರು. ಮೂಗಿಗಿಂತ ಮೂಗುತಿ ಭಾರ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ: ಗ್ಯಾಸ್ ಗೀಸರನ್ನ ಬಾತ್‌ರೂಮಿನ ಒಳಗೆ ಹಾಕಿಸಲೇಬೇಡಿ. ಗ್ಯಾಸ್ ಉರಿಯುವಾಗ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಯಾಡೋ ಯುಟಿಲಿಟಿಯೇ ಅದರ ಜಾಗ.

3 ಲೀಟರಿನ ಇನ್‌ಸ್ಟಂಟ್ ಬಗ್ಗೆ ಹೆಚ್ಚು ಹೇಳೋದಿಲ್ಲ. 3 ಕಿಲೋವ್ಯಾಟ್ ಇದ್ದರೂ ನೀರನ್ನ 30 ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ ಒಂದೂವರೆ ಲೀಟರೂ ಬರೋಲ್ಲ. ಸಿಂಕಿಗೆ ಸಾಕು.

ಸ್ಟೋರೇಜ್‌ಗೆ ಬಂದರೆ, 2 ಕಿಲೋವ್ಯಾಟಿನ ಕಾಯಿಲು 25 ಡಿಗ್ರಿ ನೀರನ್ನ 65ಕ್ಕೆ ತರೋಕೆ ಸುಮಾರು 21 ನಿಮಿಷ, ಖರ್ಚು 0.7 ಯೂನಿಟ್. ತಣ್ಣೀರು ಬೆರೆಸಿದರೆ ಲೆಕ್ಕದಲ್ಲಿ 40 ಡಿಗ್ರಿಯ 40 ಲೀಟರ್. ತೊಟ್ಟಿಯೊಳಗೆ ತಣ್ಣೀರು ಸೇರುತ್ತಾ ಹೋಗೋದರಿಂದ ಕೈಗೆ ಸಿಗೋದು ಸ್ವಲ್ಪ ಕಮ್ಮಿ. ನನಗೆ ಧಾರಾಳ ಸಾಕು. ಎದ್ದ ಕೂಡಲೇ ಸ್ವಿಚ್ ಹಾಕಿ ಪೇಪರ್ ಹಿಡಿಯೋ ಅಭ್ಯಾಸ ಇರೋದರಿಂದ ಕಾದ ಹಾಗೇ ಅನ್ನಿಸೋಲ್ಲ. ಒತ್ತಡ ಏರಲಿ ಇಳಿಯಲಿ, ಒಳಗಿನ ನೀರು ಬಿಸಿಯಾಗೇ ಇರುತ್ತೆ. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಯಿಲಿಗೆ ಸುಣ್ಣ ಕಟ್ಟುತ್ತೆ, ತೊಟ್ಟಿಗೆ ತುಕ್ಕು ಹಿಡಿಯದ ಹಾಗೆ ಕಾಯೋ ಮೆಗ್ನೀಸಿಯಂ ರಾಡು ಸವೆಯುತ್ತೆ. ಸರ್ವಿಸ್ ಮಾಡಿಸೋರು ರಾಡು ತೆಗೆದು ತೋರಿಸಿ ಅಂತ ಕೇಳಿ.

ಗ್ಯಾಸ್ ಗೀಸರನ್ನ ಮಾರಿಲ್ಲ. ಕರೆಂಟ್ ಹೋದ ದಿನ ಬಕೆಟ್ ಸ್ನಾನಕ್ಕೆ ಬೇಕಾಗುತ್ತೆ. ಕಿಡಿಯ ಎರಡು ಬ್ಯಾಟರಿ ಮಾತ್ರ ಬಿಚ್ಚಿಟ್ಟಿದ್ದೀನಿ, ಬಳಸದೆ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗು ತುಕ್ಕು ತಿನ್ನುತ್ತೆ.