3200 ಸಾಕೇ, 3600 ಬೇಕೇ? ಕಲಬುರಗಿ ಬಿಸಿಲಲ್ಲಿ ಒಂದೇ ರ‍್ಯಾಮ್‌ಗೆ ನಾಲ್ಕು ಸೆಟ್ಟಿಂಗ್

ಏಪ್ರಿಲ್‌ನ ಒಂದು ಮಧ್ಯಾಹ್ನ. ಮದುವೆ ಆಲ್ಬಂ ಪ್ರಿಂಟಿಗೆ ಕಳಿಸುವ ಮೊದಲು ಕೊನೆಯ ಸಲ ಒಂದೊಂದೇ ಫೋಟೊ ನೋಡುತ್ತಿದ್ದೆ. ಅಕ್ಷತೆ ಹಾಕುವ ಫೋಟೊ ಬಂತು. ಮೇಲಿನ ಅರ್ಧ ಚೆನ್ನಾಗಿತ್ತು. ಮದುಮಗನ ಎದೆಯಿಂದ ಕೆಳಗೆ ಮಾತ್ರ ಇಡೀ ಚಿತ್ರ ಬೆರಳಿನಷ್ಟು ಪಕ್ಕಕ್ಕೆ ಸರಿದು, ಬಣ್ಣ ಗುಲಾಬಿಗೆ ತಿರುಗಿತ್ತು.

ಎದೆ ಧಸಕ್ಕೆಂದಿತು. ಮೊದಲು ಕ್ಯಾಮೆರಾ ಕಾರ್ಡಿನ ಮೂಲ ಫೈಲ್ ತೆರೆದೆ. ಅದು ಸರಿ ಇತ್ತು. ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದೆ, ಅಂದರೆ ತಿದ್ದಿದ ಫೋಟೊವನ್ನು ಹೊಸ ಫೈಲಾಗಿ ಉಳಿಸಿದೆ. ಈ ಸಲ ಸರಿಯಾಗಿಯೇ ಬಂತು. ಡಿಸ್ಕ್ ಪರೀಕ್ಷಿಸಿದೆ, ಏನೂ ತೊಂದರೆ ಇರಲಿಲ್ಲ. ಉಳಿದದ್ದು ಒಂದೇ ಅನುಮಾನ: ರ‍್ಯಾಮ್. ಜನವರಿಯಲ್ಲಿ ಅದರ ಸೆಟ್ಟಿಂಗ್ ಬದಲಿಸಿದ್ದು ನಾನೇ.

ಆಮೇಲೆ ಸುಮಾರು ಒಂದೂವರೆ ತಿಂಗಳು ಒಂದೇ ರ‍್ಯಾಮ್ ಮೇಲೆ ನಾಲ್ಕು ಬೇರೆ ಬೇರೆ ಸೆಟ್ಟಿಂಗ್ ಹಾಕಿ ನೋಡಿದೆ. ಆಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಕಂಪ್ಯೂಟರ್‌ನಲ್ಲೇ ಹೊಟ್ಟೆಪಾಡು ನೋಡಿಕೊಳ್ಳುವವರಿಗೆ ಇದು ಉಪಯೋಗವಾಗಲಿ ಅನ್ನುವುದೇ ನನ್ನ ಆಸೆ.

ಮೆಷಿನ್ ಹೀಗಿದೆ. ಎಎಂಡಿಯ ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡದ್ದು. ಸ್ಟಿಕ್ ಮೇಲಿನ ಚೀಟಿಯಲ್ಲಿ 3200, 16-18-18-38, 1.35 ವೋಲ್ಟ್ ಅಂತ ಇದೆ. 3200 ಅನ್ನುವುದು ವೇಗ. ಮುಂದಿನ ನಾಲ್ಕು ಸಂಖ್ಯೆ ಟೈಮಿಂಗ್, ಅಂದರೆ ಒಂದೊಂದು ಕೆಲಸಕ್ಕೆ ರ‍್ಯಾಮ್ ತೆಗೆದುಕೊಳ್ಳುವ ಹೊತ್ತು.

ಹೋಲಿಕೆಗೆ ಹೋಗುವ ಮೊದಲು ಎರಡು ವಿಷಯ ಹೇಳಲೇಬೇಕು. ಇವು ಗೊತ್ತಿಲ್ಲದಿದ್ದರೆ ಮುಂದಿನ ಅಂಕಿಗಳು ಬರೀ ಅಂಕಿಗಳಾಗಿಯೇ ಉಳಿಯುತ್ತವೆ.

ಮೊದಲನೆಯದು, ಸಿಎಲ್ ಸಂಖ್ಯೆ. ಆ ನಾಲ್ಕರಲ್ಲಿ ಮೊದಲನೆಯದು ಇದೇ, ಡೇಟಾ ಕೇಳಿದ ಮೇಲೆ ಅದು ಬರಲು ಹಿಡಿಯುವ ಹೊತ್ತು. ಸಿಎಲ್ 16 ಅಂದರೆ 16 ನ್ಯಾನೊಸೆಕೆಂಡ್ ಅಲ್ಲ, 16 ಗಡಿಯಾರದ ಬಡಿತ. ಬಡಿತದ ವೇಗ ಬದಲಾದರೆ ಹೊತ್ತೂ ಬದಲಾಗುತ್ತದೆ. ಲೆಕ್ಕ ಸುಲಭ: ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ, ರ‍್ಯಾಮ್ ವೇಗದಿಂದ ಭಾಗಿಸಿ. 3200ಕ್ಕೆ ಸಿಎಲ್ 16 ಹಾಕಿದರೆ 10 ನ್ಯಾನೊಸೆಕೆಂಡ್. 3600ಕ್ಕೆ ಸಿಎಲ್ 18 ಹಾಕಿದರೂ ಅದೇ 10! ಹೆಚ್ಚಾಗುವುದು ಒಂದೇ ಹೊತ್ತಿನಲ್ಲಿ ಸಾಗಿಸಬಲ್ಲ ಡೇಟಾ ಮಾತ್ರ. ಎರಡು ಚಾನೆಲ್‌ನಲ್ಲಿ ಲೆಕ್ಕದ ಪ್ರಕಾರ ಸೆಕೆಂಡಿಗೆ 51.2 ಜಿಬಿ ಇದ್ದದ್ದು 57.6 ಆಗುತ್ತದೆ. 3600 ಅಂದ ಕೂಡಲೇ ಎಲ್ಲದರಲ್ಲೂ ವೇಗ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೇನಿಲ್ಲ.

ಎರಡನೆಯದು ರಿಫ್ರೆಶ್. ನನ್ನ ಫೋಟೊ ಕೆಡಿಸಿದ್ದು ಇದೇ. ರ‍್ಯಾಮ್ ಒಳಗೆ ಒಂದೊಂದು ಬಿಟ್ಟೂ ಒಂದೊಂದು ಪುಟ್ಟ ಕೆಪ್ಯಾಸಿಟರ್‌ನಲ್ಲಿ ಕೂತಿರುತ್ತದೆ. ಅದು ಸೋರುವ ಮಡಕೆ ಇದ್ದ ಹಾಗೆ. ತುಂಬಿಟ್ಟು ಮರೆತರೆ ಖಾಲಿ. ಅದಕ್ಕೇ 64 ಮಿಲಿಸೆಕೆಂಡಿನೊಳಗೆ ಎಲ್ಲ ಮಡಕೆಗಳನ್ನೂ ಮತ್ತೆ ತುಂಬಬೇಕು. ಈ ಕೆಲಸ 8192 ಕಂತಿನಲ್ಲಿ, ಅಂದರೆ ಸುಮಾರು 7.8 ಮೈಕ್ರೊಸೆಕೆಂಡಿಗೆ ಒಂದು ಕಂತಿನಂತೆ ನಡೆಯುತ್ತದೆ. ಪ್ರತಿ ಕಂತಿಗೆ ಕೊಡುವ ಹೊತ್ತಿಗೆ ಟಿಆರ್‌ಎಫ್‌ಸಿ ಅನ್ನುತ್ತಾರೆ. ಆ ಹೊತ್ತಿನಲ್ಲಿ ರ‍್ಯಾಮ್ ಬೇರೆ ಕೆಲಸ ಮಾಡುವುದಿಲ್ಲ. ಹಾಗಾಗಿ ಅದನ್ನು ಕಡಿಮೆ ಮಾಡಿದರೆ ವೇಗ ಸಿಗುತ್ತದೆ. ತೀರಾ ಕಡಿಮೆ ಮಾಡಿದರೆ ಮಡಕೆ ಪೂರ್ತಿ ತುಂಬುವುದಿಲ್ಲ. ಇನ್ನು ಚಿಪ್ ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. 85 ಡಿಗ್ರಿ ದಾಟಿದರೆ ಎರಡು ಪಟ್ಟು ಸಲ ರಿಫ್ರೆಶ್ ಮಾಡಬೇಕು ಅಂತ ಡಿಡಿಆರ್4 ನಿಯಮದಲ್ಲೇ ಇದೆ.

ಈಗ ನಾಲ್ಕು ಸೆಟ್ಟಿಂಗ್‌ಗಳಿಗೆ ಬರೋಣ. ಅಳತೆಗೆ ಇಟ್ಟುಕೊಂಡದ್ದು ಒಂದೇ ಮದುವೆಯ ಒಂದೇ ಫೋಟೊ ಗುಂಪು. ಪ್ರತಿ ಸಲವೂ ಅದನ್ನೇ ಎಕ್ಸ್‌ಪೋರ್ಟ್ ಮಾಡಿ ಹೊತ್ತು ಬರೆದುಕೊಂಡೆ.

ಬಯಾಸ್, ಅಂದರೆ ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ, ತಾನಾಗಿ ಹಾಕುವ ಸೆಟ್ಟಿಂಗ್‌ನಲ್ಲಿ ನನ್ನ ಸ್ಟಿಕ್‌ಗಳು 2666ರಲ್ಲಿ ಓಡುತ್ತವೆ. ಸಿಎಲ್ 19, ವೋಲ್ಟೇಜ್ 1.2. ಇದು ರ‍್ಯಾಮ್‌ಗೆ ನಿಯಮ ಮಾಡುವ ಜೆಡೆಕ್ ಸಂಸ್ಥೆ ಹೇಳಿದ ವೇಗ. ಎಕ್ಸ್‌ಪೋರ್ಟ್‌ಗೆ 14 ನಿಮಿಷ 10 ಸೆಕೆಂಡ್ ಹಿಡಿಯಿತು. ಮೂರು ಸಂಜೆ ಪರೀಕ್ಷೆ ಮಾಡಿದೆ, ಒಂದೂ ತಪ್ಪು ಬರಲಿಲ್ಲ. ಲೆಕ್ಕಪತ್ರ, ಟೈಪಿಂಗ್, ಬ್ರೌಸಿಂಗ್ ಮಾಡುವವರು ಸುಮ್ನೆ ಇದರಲ್ಲೇ ಇರಬಹುದು. ಕಂಪ್ಯೂಟರ್‌ನಲ್ಲಿ ಏನೇ ವಿಚಿತ್ರ ತೊಂದರೆ ಬಂದರೂ ಮೊದಲು ಈ ಸೆಟ್ಟಿಂಗ್‌ಗೆ ಮರಳಿ ನೋಡಿ. ಆಗಲೂ ತೊಂದರೆ ಹೋಗದಿದ್ದರೆ ನಿಮ್ಮ ಟೈಮಿಂಗ್‌ನದು ತಪ್ಪಲ್ಲ.

ಎರಡನೆಯದು ಎಕ್ಸ್‌ಎಂಪಿ, ಅಂದರೆ ತಯಾರಕರು ಸ್ಟಿಕ್ ಒಳಗೇ ಬರೆದಿಟ್ಟ ಸೆಟ್ಟಿಂಗ್. ಬಯಾಸ್‌ನಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಚೀಟಿಯಲ್ಲಿರುವ 3200, ಸಿಎಲ್ 16, 1.35 ವೋಲ್ಟ್ ಬಂದು ಕೂರುತ್ತದೆ. ಎಕ್ಸ್‌ಪೋರ್ಟ್ 12 ನಿಮಿಷ 52 ಸೆಕೆಂಡ್‌ಗೆ ಇಳಿಯಿತು. ಒಂದು ಬಟನ್‌ಗೆ ಒಂದು ನಿಮಿಷಕ್ಕಿಂತ ಜಾಸ್ತಿ ಉಳಿತಾಯ! ಎಷ್ಟೋ ಜನ ದುಡ್ಡು ಕೊಟ್ಟು 3200ರ ರ‍್ಯಾಮ್ ಕೊಳ್ಳುತ್ತಾರೆ. ಈ ಬಟನ್ ಒತ್ತದೆ ವರ್ಷಗಟ್ಟಲೆ ನಿಧಾನವಾಗಿ ಓಡಿಸುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಆದರೆ ಇಲ್ಲೂ ಒಂದು ವಿಷಯ ಗಮನಿಸಬೇಕು. ಎಕ್ಸ್‌ಎಂಪಿ ಒತ್ತಿದ ಕೂಡಲೇ ನನ್ನ ಬೋರ್ಡ್ ಎಸ್‌ಒಸಿ ವೋಲ್ಟೇಜನ್ನೂ ತಾನಾಗಿ 1.13ರ ಹತ್ತಿರ ಏರಿಸಿತ್ತು. ಇದು ರ‍್ಯಾಮ್ ವೋಲ್ಟೇಜ್ ಅಲ್ಲ. ಪ್ರೊಸೆಸರ್ ಒಳಗೆ ಮೆಮೊರಿ ನೋಡಿಕೊಳ್ಳುವ ಭಾಗಕ್ಕೆ ಹೋಗುವ ವೋಲ್ಟೇಜ್. 3200ಕ್ಕೆ ಅಷ್ಟು ಬೇಕಾಗಿರಲಿಲ್ಲ. 1.05ಕ್ಕೆ ಇಳಿಸಿದೆ, ಯಾವ ವ್ಯತ್ಯಾಸವೂ ಆಗಲಿಲ್ಲ. ಬೋರ್ಡ್ ತಾನಾಗಿ ಹಾಕಿದ್ದು ಸರಿಯೇ ಇರುತ್ತದೆ ಅಂತ ಬಿಟ್ಟುಬಿಡಬೇಡಿ, ಒಮ್ಮೆ ಓದಿ ನೋಡಿ.

ಮೂರನೆಯದೇ ಜನವರಿಯಲ್ಲಿ ನಾನು ಆಸೆಪಟ್ಟು ಹಾಕಿದ್ದು. 3600, 18-22-22-42, 1.40 ವೋಲ್ಟ್. ರೈಜನ್ 5000 ಸಾಲಿನ ಪ್ರೊಸೆಸರ್‌ಗೆ 3600 ಒಳ್ಳೆಯ ವೇಗ ಅನ್ನುವುದಕ್ಕೆ ಕಾರಣ ಇದೆ. ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗುವುದರಿಂದ ರ‍್ಯಾಮ್‌ನ ನಿಜವಾದ ಗಡಿಯಾರ ಆಗ 1800 ಮೆಗಾಹರ್ಟ್ಸ್. ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಅನ್ನುವ ದಾರಿ ಕೂಡ 1800ರಲ್ಲಿ ಅದರ ಜೊತೆ ಹೆಜ್ಜೆ ಹಾಕುತ್ತದೆ. ಹೆಚ್ಚಿನ ಪ್ರೊಸೆಸರ್‌ಗಳು ಅಲ್ಲಿಯವರೆಗೆ ಬರುತ್ತವೆ. ಅದರಾಚೆಗೆ ಹೆಜ್ಜೆ ತಪ್ಪಿದರೆ ವೇಗ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಆದರೂ ಎಎಂಡಿ ಈ ಸಾಲಿಗೆ ಅಧಿಕೃತವಾಗಿ ಹೇಳಿರುವ ವೇಗ 3200. ಮೇಲಿನದ್ದೆಲ್ಲ ನಮ್ಮ ಜವಾಬ್ದಾರಿ.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಟಿಆರ್‌ಎಫ್‌ಸಿಯನ್ನು 630 ಬಡಿತದಿಂದ 468ಕ್ಕೆ ಇಳಿಸಿದೆ. ಅಂದರೆ 350 ನ್ಯಾನೊಸೆಕೆಂಡ್ ಇದ್ದದ್ದು 260. ನನ್ನ ಸ್ಟಿಕ್‌ನಲ್ಲಿರುವ 8 ಗಿಗಾಬಿಟ್ ಚಿಪ್‌ಗಳಿಗೆ ನಿಯಮದಲ್ಲಿರುವುದು 350. ಎಕ್ಸ್‌ಪೋರ್ಟ್ 12 ನಿಮಿಷ 27 ಸೆಕೆಂಡ್‌ಗೆ ಬಂತು. ರಾತ್ರಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ ರ‍್ಯಾಮ್ ಪರೀಕ್ಷೆ ಓಡಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಪಾಸ್ ಮುಗಿದಿತ್ತು, ಒಂದೂ ತಪ್ಪಿಲ್ಲ. ಖುಷಿಯಿಂದ ಕೆಲಸ ಶುರು ಮಾಡಿದೆ.

ಜನವರಿ ರಾತ್ರಿಯ ತಂಪಲ್ಲಿ ಪಾಸಾದದ್ದು ಕಲಬುರಗಿಯ ಏಪ್ರಿಲ್ ಮಧ್ಯಾಹ್ನಕ್ಕೂ ಸಾಲುತ್ತದೆಯೇ ಅಂತ ನಾನು ಆಗ ಯೋಚಿಸಿರಲಿಲ್ಲ.

ಫೋಟೊ ಕೆಟ್ಟ ಮರುದಿನ ಮಧ್ಯಾಹ್ನ ಎರಡಕ್ಕೆ ಪರೀಕ್ಷೆ ಶುರು ಮಾಡಿದೆ. ಕೋಣೆಯಲ್ಲಿ 38 ಡಿಗ್ರಿ. ಈ ಸಲ ವಿಂಡೋಸ್ ಒಳಗೇ ಟೆಸ್ಟ್‌ಮೆಮ್5 ಅನ್ನುವ ಇನ್ನೊಂದು ರ‍್ಯಾಮ್ ಪರೀಕ್ಷೆ ಹಾಕಿದೆ. ಜೊತೆಗೆ ಗ್ರಾಫಿಕ್ಸ್ ಕಾರ್ಡಿಗೂ ಒಂದು ವಿಡಿಯೊ ರೆಂಡರ್ ಕೊಟ್ಟೆ. ನಿಜವಾದ ಕೆಲಸದಲ್ಲಿ ಆ ಕಾರ್ಡಿನ ಬಿಸಿಗಾಳಿ ನೇರ ಸ್ಟಿಕ್‌ಗಳ ಕಡೆಗೇ ಏರುತ್ತದೆ. ಪೆನ್‌ಡ್ರೈವ್‌ನಿಂದ ಪರೀಕ್ಷೆ ಮಾಡಿದಾಗ ಆ ಕಾರ್ಡ್ ತಣ್ಣಗೆ ಕೂತಿರುತ್ತದೆ. 52ನೇ ನಿಮಿಷಕ್ಕೆ ಮೊದಲ ತಪ್ಪು ಬಂತು. ನನ್ನ ಸ್ಟಿಕ್‌ಗಳಲ್ಲಿ ಉಷ್ಣತೆ ಅಳೆಯುವ ಸೆನ್ಸರ್ ಇದೆ. ಅದು ಆಗ 57 ಡಿಗ್ರಿ ತೋರಿಸುತ್ತಿತ್ತು.

ಮರುದಿನ ಬೆಳಗಿನ ಜಾವ ಐದಕ್ಕೆ ಎದ್ದು ಅದೇ ಸೆಟ್ಟಿಂಗ್, ಅದೇ ಪರೀಕ್ಷೆ. ಮೂರು ಗಂಟೆ ಓಡಿತು. ಸ್ಟಿಕ್ 44 ಡಿಗ್ರಿ ದಾಟಲಿಲ್ಲ. ತಪ್ಪು ಸೊನ್ನೆ.

ತಪ್ಪು ಬಂದರೆ ವೋಲ್ಟೇಜ್ ಏರಿಸು ಅನ್ನುವುದು ಎಲ್ಲರೂ ಮೊದಲು ಹೇಳುವ ಮಾತು. ನಾನೂ ಮಧ್ಯಾಹ್ನ 1.40ರಿಂದ 1.43ಕ್ಕೆ ಏರಿಸಿದೆ. ತಪ್ಪು ಇನ್ನೂ ಬೇಗ, 35ನೇ ನಿಮಿಷಕ್ಕೇ ಬಂತು! ವೋಲ್ಟೇಜ್ ಏರಿದರೆ ಬಿಸಿಯೂ ಏರುತ್ತದೆ. ಸೋರಿಕೆಯಿಂದ ಬಂದ ತಪ್ಪಿಗೆ ಬಿಸಿ ಹೆಚ್ಚಿಸುವುದು ಔಷಧಿ ಆಗುವುದಿಲ್ಲ. ಕೊನೆಗೆ ಮತ್ತೆ 1.40ಕ್ಕೆ ಬಂದು, ಟಿಆರ್‌ಎಫ್‌ಸಿಯನ್ನು 576ಕ್ಕೆ ಬಿಟ್ಟೆ. 320 ನ್ಯಾನೊಸೆಕೆಂಡ್. ಅದೇ ಮಧ್ಯಾಹ್ನದ ಬಿಸಿಯಲ್ಲಿ ಮೂರು ಗಂಟೆ ತಪ್ಪಿಲ್ಲದೆ ಓಡಿತು. ಆದರೆ ಎಕ್ಸ್‌ಪೋರ್ಟ್ 12 ನಿಮಿಷ 38 ಸೆಕೆಂಡ್‌ಗೆ ಹೋಯಿತು. 3600ರಿಂದ ಸಿಕ್ಕ ಲಾಭದಲ್ಲಿ ಅರ್ಧದಷ್ಟು ಹೋಯಿತು ಅಂತಲೇ ಲೆಕ್ಕ.

ಆಗ ನಾಲ್ಕನೆಯದರ ಯೋಚನೆ ಬಂತು. ವೇಗ 3200ರಲ್ಲೇ ಇರಲಿ, ಒಳಗಿನ ಟೈಮಿಂಗ್‌ಗಳನ್ನು ಮಾತ್ರ ಕೈಯಿಂದ ಬಿಗಿ ಮಾಡೋಣ ಅಂತ. ಎಕ್ಸ್‌ಎಂಪಿ ಮೊದಲ ನಾಲ್ಕೈದು ಸಂಖ್ಯೆಗಳನ್ನು ಸರಿಯಾಗಿ ಹಾಕುತ್ತದೆ. ಉಳಿದ ಎಷ್ಟೋ ಸಂಖ್ಯೆಗಳನ್ನು ಬೋರ್ಡ್ ತನ್ನ ಅಂದಾಜಿನಲ್ಲಿ ಸಡಿಲವಾಗಿ ತುಂಬುತ್ತದೆ. ಅಲ್ಲೇ ವೇಗ ಅಡಗಿರುತ್ತದೆ. ಜೆನ್‌ಟೈಮಿಂಗ್ಸ್ ಅನ್ನುವ ಪುಟ್ಟ ಪ್ರೋಗ್ರಾಂ ತೆರೆದರೆ ಎಲ್ಲವೂ ಒಂದೇ ಕಿಟಕಿಯಲ್ಲಿ ಕಾಣುತ್ತದೆ.

ನಾನು ಬದಲಿಸಿದ್ದು ಕೆಲವೇ ಕೆಲವು. ಟಿಆರ್‌ಆರ್‌ಡಿ-ಎಸ್ 4, ಟಿಆರ್‌ಆರ್‌ಡಿ-ಎಲ್ 6, ಟಿಎಫ್‌ಎಡಬ್ಲ್ಯೂ 24. ಈ ಮೂರೂ ರ‍್ಯಾಮ್ ಒಳಗಿನ ಸಾಲುಗಳನ್ನು ಎಷ್ಟು ಬೇಗ ಬೇಗ ತೆರೆಯಬಹುದು ಅನ್ನುವುದರ ಮಿತಿ. ಟಿಆರ್‌ಎಫ್‌ಸಿ 560ರಿಂದ 480, ಅಂದರೆ 300 ನ್ಯಾನೊಸೆಕೆಂಡ್. ವೋಲ್ಟೇಜ್ 1.37. ಎಸ್‌ಒಸಿ 1.05. ಸಿಎಲ್ ಮಾತ್ರ 16ರಲ್ಲೇ ಬಿಟ್ಟೆ. 14ಕ್ಕೆ ಇಳಿಸಲು ಒಮ್ಮೆ ನೋಡಿದೆ. ಕಂಪ್ಯೂಟರ್ ಮೂರು ಸಲ ಆನ್-ಆಫ್ ಆಗಿ ತಾನೇ ಹಳೆಯ ಸೆಟ್ಟಿಂಗ್‌ಗೆ ಮರಳಿತು. ಸ್ಯಾಮ್‌ಸಂಗ್‌ನ ಬಿ-ಡೈ ಚಿಪ್ ಇರುವ ಸ್ಟಿಕ್‌ಗಳು ಅಂಥದ್ದಕ್ಕೆ ಹೆಸರುವಾಸಿ, ನನ್ನವು ಆ ಜಾತಿಯವಲ್ಲ.

ಎಕ್ಸ್‌ಪೋರ್ಟ್ 12 ನಿಮಿಷ 41 ಸೆಕೆಂಡ್. ಬಿಸಿಲಿಗೆ ತಡೆಯುವ 3600ಕ್ಕಿಂತ ಮೂರೇ ಸೆಕೆಂಡ್ ಹಿಂದೆ. ಮಧ್ಯಾಹ್ನದ ಪರೀಕ್ಷೆಯಲ್ಲಿ ಸ್ಟಿಕ್ 53 ಡಿಗ್ರಿ. ಮೂರು ಗಂಟೆ, ತಪ್ಪು ಸೊನ್ನೆ. ಆಮೇಲೆ ಪ್ರೊಸೆಸರ್, ರ‍್ಯಾಮ್ ಎರಡಕ್ಕೂ ಭಾರ ಹಾಕಿ ಪರೀಕ್ಷಿಸುವ ಪ್ರೈಮ್95 ಕೂಡ ಒಂದು ಗಂಟೆ ಓಡಿಸಿದೆ, ತೊಂದರೆಯಾಗಲಿಲ್ಲ. ನಾನು ಇಟ್ಟುಕೊಂಡದ್ದು ಇದನ್ನೇ. ಮೂರು ಸೆಕೆಂಡಿಗೋಸ್ಕರ ಪ್ರೊಸೆಸರನ್ನೂ ರ‍್ಯಾಮನ್ನೂ ಅವುಗಳಿಗೆ ಹೇಳಿದ ವೇಗದ ಮಿತಿಯಾಚೆ ಓಡಿಸುವುದು ನನ್ನ ಕೆಲಸಕ್ಕೆ ಬೇಡ. ಗೇಮ್ ಆಡುವವರಿಗೆ, ಅದೂ ಎಸಿ ಕೋಣೆಯಲ್ಲಿ ಕೂರುವವರಿಗೆ, 3600 ಚೆನ್ನಾಗಿಯೇ ಒಗ್ಗೀತು. ಅಲ್ಲಿ ಒಂದು ಬಿಟ್ ತಪ್ಪಿದರೆ ಸಾಮಾನ್ಯವಾಗಿ ಆಟ ನಿಲ್ಲುತ್ತದೆ, ಅಷ್ಟೇ. ಇನ್ನೊಬ್ಬರ ಮದುವೆಯ ಫೋಟೊ ಕೈಯಲ್ಲಿರುವಾಗ ಲೆಕ್ಕವೇ ಬೇರೆ.

ನೀವೂ ಮಾಡುವುದಾದರೆ ಮೊದಲು ಬ್ಯಾಕಪ್ ತೆಗೆಯಿರಿ. ತಪ್ಪು ರ‍್ಯಾಮ್ ಇಟ್ಟುಕೊಂಡು ಫೈಲ್ ಕಾಪಿ ಮಾಡಿದರೆ ಕಾಪಿಯೂ ಕೆಡಬಹುದು. ಅದಕ್ಕೇ ತಾನಾಗಿ ಬರುವ ಸೆಟ್ಟಿಂಗ್‌ನಲ್ಲಿದ್ದಾಗಲೇ ಬ್ಯಾಕಪ್ ಆಗಲಿ. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ನೋಟ್‌ಬುಕ್‌ನಲ್ಲಿ ಬರೆದಿಡಿ. ಕಂಪ್ಯೂಟರ್ ಏಳದಿದ್ದರೆ ಗಾಬರಿ ಬೇಡ. ವಿದ್ಯುತ್ ತೆಗೆದು, ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ಬಿಚ್ಚಿಟ್ಟರೆ ಬಯಾಸ್ ಮೊದಲಿನಂತಾಗುತ್ತದೆ. ಫ್ಯಾಬ್ರಿಕ್ ವೇಗ ಏರಿಸಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ (WHEA-Logger) ಅನ್ನುವ ಮೂಲದ 19ನೇ ನಂಬರಿನ ಎಚ್ಚರಿಕೆ ಬಂದಿದೆಯೇ ನೋಡಿ. ರ‍್ಯಾಮ್ ಪರೀಕ್ಷೆ ಪಾಸಾಗಿದ್ದರೂ ಅದು ಬರುತ್ತಿದ್ದರೆ ಫ್ಯಾಬ್ರಿಕ್ ಹೆಜ್ಜೆ ತಪ್ಪುತ್ತಿರುವ ಸಾಧ್ಯತೆ ಹೆಚ್ಚು.

ನಾಲ್ಕು ಸ್ಟಿಕ್ ಹಾಕುವ ಆಸೆ ಇದ್ದವರಿಗೆ ಒಂದು ಮಾತು. ಚಿಪ್‌ಗಳು ಎರಡು ಗುಂಪಾಗಿ ಇರುವ, ಅಂದರೆ ಡ್ಯುಯಲ್ ರ‍್ಯಾಂಕ್ ಸ್ಟಿಕ್ ನಾಲ್ಕು ಹಾಕಿದರೆ ಎಎಂಡಿ ಈ ಪ್ರೊಸೆಸರ್‌ಗೆ ಹೇಳುವ ವೇಗ 2666ಕ್ಕೆ ಇಳಿಯುತ್ತದೆ. ಅದರ ಮೇಲೆ ಓಡಬಹುದು, ಆದರೆ ಮಾತು ಕೊಟ್ಟಿಲ್ಲ. ಜಾಸ್ತಿ ರ‍್ಯಾಮ್ ಬೇಕೆಂದರೆ ಎರಡೇ ದೊಡ್ಡ ಸ್ಟಿಕ್ ಕೊಳ್ಳುವುದು ವಾಸಿ.

ಹೊಸ ಡಿಡಿಆರ್5 ಇರುವ ಗೆಳೆಯನೊಬ್ಬ ಅದರಲ್ಲಿ ಚಿಪ್ ಒಳಗೇ ತಪ್ಪು ತಿದ್ದುವ ವ್ಯವಸ್ಥೆ ಇದೆ, ಪರೀಕ್ಷೆ ಯಾಕೆ ಅಂದ. ಆ ತಿದ್ದುವಿಕೆ ಚಿಪ್‌ನೊಳಗಿನ ತಪ್ಪಿಗೆ ಮಾತ್ರ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಕಾಣುವುದಿಲ್ಲ. ಅವನ ಮೆಷಿನ್ ಮೇಲೂ ಮಧ್ಯಾಹ್ನದ ಹೊತ್ತಲ್ಲೇ ಪರೀಕ್ಷೆ ಓಡಿಸಿದೆವು.

ಮೇ ತಿಂಗಳ ಮೊದಲ ವಾರ ನನ್ನ ಕ್ಯಾಬಿನೆಟ್ ಒಳಗೆ 120 ಮಿಲಿಮೀಟರ್‌ನ ಒಂದು ಫ್ಯಾನನ್ನು ಸ್ಟಿಕ್‌ಗಳ ಕಡೆಗೆ ತಿರುಗಿಸಿ ಟೈ ಹಾಕಿ ಕಟ್ಟಿದೆ. ಅದೇ ಮಧ್ಯಾಹ್ನ ಎರಡು ಗಂಟೆ, ಅದೇ ರೆಂಡರ್. 53 ಇದ್ದದ್ದು 46ಕ್ಕೆ ಇಳಿಯಿತು. ಸೆಟ್ಟಿಂಗ್ ಮಾತ್ರ ಬದಲಿಸಿಲ್ಲ. ಕೆಟ್ಟ ಆ ಫೋಟೊವನ್ನು ಅಳಿಸದೆ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಸರಿಯಾದದ್ದು ಆಲ್ಬಂನ ಹನ್ನೊಂದನೇ ಪುಟದಲ್ಲಿದೆ.